ಪಾಲಕ್, ಬೀಟ್‌ರೂಟ್ ಒಂದೇ ಮನೆಯವು – ಪೊಟ್ಟಣದಲ್ಲಿ ಯಾಕೆ ಬರೆಯುವುದಿಲ್ಲ?

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಐದು ಗುಂಟೆಗೆ ಪಾಲಕ್ ಹಾಕೋಣ ಅಂತ ಪೇಟೆಯ ಬೀಜದಂಗಡಿಗೆ ಹೋಗಿದ್ದೆ. ಮನೆಯಲ್ಲಿ ಬೀಜ ಇರಲಿಲ್ಲ ಅಂತೇನಲ್ಲ. ನಮ್ಮಮ್ಮ ಹದಿನೈದು-ಇಪ್ಪತ್ತು ವರ್ಷದಿಂದ ಪ್ರತಿ ಬೆಳೆಯಲ್ಲೂ ಒಂದಷ್ಟು ಗಿಡ ಕೊಯ್ಯದೆ ಬಿಟ್ಟು, ತೆನೆ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡುತ್ತಿದ್ದ ಬೀಜ ಇತ್ತು. ಆದರೆ ಹಿಂದಿನ ಬೆಳೆಯಲ್ಲಿ ಸೊಪ್ಪಿಗೆ ಒಳ್ಳೆ ಬೆಲೆ ಸಿಕ್ಕಿತು ಅಂತ ನಾನು ಬೀಜಕ್ಕೆ ಬಿಟ್ಟ ಗಿಡಗಳನ್ನೂ ಕೊಯ್ದು ಸಂತೆಗೆ ಕಳಿಸಿದ್ದೆ. ಡಬ್ಬಿಯ ತಳದಲ್ಲಿ ಉಳಿದಿದ್ದು ಅಷ್ಟು ಜಾಗಕ್ಕೆ ಸಾಲುತ್ತಿರಲಿಲ್ಲ.

ಅಂಗಡಿಯವರು ಬಣ್ಣದ ಪೊಟ್ಟಣ ಕೊಟ್ಟರು. ಮೇಲೆ ‘ಸ್ಪಿನಾಚ್’ ಅಂತ ಇತ್ತು. “ಇದು ಪಾಲಕ್ಕೇನಾ?” ಅಂದೆ. “ಎರಡೂ ಒಂದೇ ಅಣ್ಣ, ಇಂಗ್ಲಿಷಲ್ಲಿ ಹಂಗಂತಾರೆ” ಅಂದರು. ತಂದು ಬಿತ್ತಿದೆ.

ಮೊಳಕೆ ಬಂದದ್ದು ಅರ್ಧಕ್ಕಿಂತ ಕಡಿಮೆ. ಬಂದ ಗಿಡದ ಎಲೆ ಎಳೆಯದಾಗಿ ಚೆನ್ನಾಗಿಯೇ ಇತ್ತು. ಒಂದು ಸಲ ಕೊಯ್ದೆವು. ಎರಡನೇ ಕೊಯ್ಲಿಗೆ ಬರುವ ಮೊದಲೇ ಗಿಡವೆಲ್ಲ ಹೂದಂಟು ಎತ್ತಿತು. ಹೋಗಲಿ, ಬೀಜವಾದರೂ ಸಿಗಲಿ ಅಂತ ಬಿಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಗಿಡ ಹಳದಿ ಪುಡಿ ಉದುರಿಸಿ ಒಂದು ಕಾಳೂ ಕಟ್ಟದೆ ಒಣಗಿಹೋದವು. ಬೀಜದ ಖರ್ಚು ದೊಡ್ಡದಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ಲಿನ ನೀರು, ಎರಡು ತಿಂಗಳ ಕೆಲಸ, ಸಂತೆಯಲ್ಲಿ ಕಾಯಂ ಗಿರಾಕಿಗಳಿಗೆ ಕೊಟ್ಟ ಮಾತು – ಇವು ಹೋದವು. ಅಷ್ಟರಲ್ಲಿ ಅಮ್ಮನ ಡಬ್ಬಿಯ ಬೀಜಕ್ಕೆ ತೇವ ಹಿಡಿದು ಬೂಷ್ಟು ಬಂದಿತ್ತು. ಅಮ್ಮ ಬೈಯಲಿಲ್ಲ. “ಒಂದು ಬೆಳೆ ಹೋದ್ರೆ ಇನ್ನೊಂದು ಬೆಳ್ಕೋಬೋದು ಮಗ, ಬೀಜ ಹೋದ್ರೆ?” ಅಂದರು, ಅಷ್ಟೆ.

ಈ ಲೇಖನ ಆ ಸಿಟ್ಟಿನಿಂದ ಹುಟ್ಟಿದ್ದು. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿದ್ದದ್ದನ್ನು ಹೇಳಿದರು. ನನ್ನ ತಕರಾರು ಆ ಪೊಟ್ಟಣದ ಮೇಲೆ.

ಹೆಸರು ಒಂದು, ಗಿಡ ಎರಡು

ತೋಟಗಾರಿಕೆ ಓದುತ್ತಿರುವ ಅಕ್ಕನ ಮಗಳು ಆ ರಜೆಗೆ ಬಂದಿದ್ದಳು. ಒಣಗಿದ ಗಿಡ ನೋಡಿದವಳೇ “ಮಾವ, ಇದು ನಮ್ಮ ಪಾಲಕ್ ಅಲ್ಲ” ಅಂದಳು. ಆಮೇಲೆ ಅವಳ ಪುಸ್ತಕಗಳನ್ನು ತರಿಸಿಕೊಂಡು ನಾನೂ ಓದಿದೆ. ನಾನು ಹತ್ತನೇ ಕ್ಲಾಸಿನವನು. ಓದಲು ಕಷ್ಟವಾಯಿತು, ಆದರೆ ಅರ್ಥವಾಗದ್ದೇನೂ ಇರಲಿಲ್ಲ.

ಅಂಗಡಿಯಿಂದ ತಂದದ್ದು ‘ಸ್ಪಿನೇಸಿಯಾ ಒಲರೇಸಿಯಾ’. ಹಿಂದಿ ಸೀಮೆಯವರು ಇದನ್ನು ವಿಲಾಯತಿ ಪಾಲಕ್ ಅನ್ನುತ್ತಾರೆ. ತಂಪು ಹವೆಯ ಬೆಳೆ. ಬಿಸಿ ಮಣ್ಣಿನಲ್ಲಿ ಸರಿಯಾಗಿ ಹುಟ್ಟುವುದಿಲ್ಲ, ಸೆಕೆಗೆ ಬೇಗ ಹೂವಿಗೆ ಹೋಗುತ್ತದೆ. ಪಪ್ಪಾಯಿಯಲ್ಲಿ ನಾವು ನೋಡುವ ಹಾಗೆ ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನನ್ನ ಪಾತಿಯಲ್ಲಿ ಕಾಳು ಕಟ್ಟದೆ ಒಣಗಿದವು ಗಂಡು ಗಿಡಗಳು. ಅದು ರೋಗವಲ್ಲ, ಆ ಗಿಡದ ಸ್ವಭಾವ.

ನಾವು ಕಟ್ಟು ಕಟ್ಟಿ ಮಾರುವ ಪಾಲಕ್ ಬೇರೆ. ಅದು ‘ಬೀಟಾ ವಲ್ಗಾರಿಸ್’. ಹೌದು, ಬೀಟ್‌ರೂಟಿನದ್ದೇ ಹೆಸರು! ಪಾಲಕ್ ಮತ್ತು ಬೀಟ್‌ರೂಟ್ ಬರೀ ನೆಂಟರಲ್ಲ, ಒಂದೇ ಪ್ರಭೇದ. ಒಂದು ಎಲೆಗಾಗಿ ಬೆಳೆಸಿದ್ದು, ಇನ್ನೊಂದು ಗೆಡ್ಡೆಗಾಗಿ. ಪಾಲಕ್ಕಿಗೆ ‘ಬೆಂಗಾಲೆನ್ಸಿಸ್’ ಎಂಬ ಬಾಲ ಸೇರಿಸುತ್ತಾರೆ, ಬಂಗಾಳದ್ದು ಅಂತ. ಕಲ್ಕತ್ತೆಯ ಸಸ್ಯತೋಟದಲ್ಲಿದ್ದ ವಿಲಿಯಂ ರಾಕ್ಸ್‌ಬರೋ ಇದನ್ನು ಬೇರೆಯೇ ಪ್ರಭೇದವೆಂದು ತಿಳಿದು ‘ಬೀಟಾ ಬೆಂಗಾಲೆನ್ಸಿಸ್’ ಎಂದು ಹೆಸರಿಟ್ಟಿದ್ದರು. ಆಮೇಲಿನವರು ಅದನ್ನು ಬೀಟಿನ ಮನೆಯೊಳಗೇ ಸೇರಿಸಿದರು.

ನಂಬಿಕೆ ಬರದಿದ್ದರೆ ಬೀಜ ನೋಡಿ. ಪಾಲಕ್ ಬೀಜ, ಬೀಟ್‌ರೂಟ್ ಬೀಜ ಎರಡನ್ನೂ ಅಂಗೈ ಮೇಲೆ ಇಟ್ಟುಕೊಳ್ಳಿ. ಎರಡೂ ಒರಟು, ಬೆಂಡಿನ ಹಾಗೆ, ಮೂಲೆ ಮೂಲೆಯಾದ ಉಂಡೆ. ನಿಜ ಹೇಳಬೇಕೆಂದರೆ ಅದು ಬೀಜವಲ್ಲ, ಎರಡು-ಮೂರು ಹೂವಿನ ಕಾಯಿ ಒಂದಕ್ಕೊಂದು ಅಂಟಿಕೊಂಡ ಗೊಂಚಲು. ಅದಕ್ಕೇ ಒಂದು ಕಾಳು ಹಾಕಿದರೆ ಎರಡು-ಮೂರು ಸಸಿ ಏಳುತ್ತವೆ, ಬೀಟ್‌ರೂಟಿನಲ್ಲಿ ಸಸಿ ತೆಳುಗೊಳಿಸುವ ಕೆಲಸ ತಪ್ಪುವುದಿಲ್ಲ. ಸ್ಪಿನಾಚ್ ಬೀಜ ಹಾಗಲ್ಲ. ದುಂಡಗೆ ನುಣುಪಾಗಿರುತ್ತದೆ, ಇಲ್ಲವೇ ಮುಳ್ಳು ಇರುತ್ತದೆ, ಒಂದಕ್ಕೆ ಒಂದೇ ಸಸಿ. ಪೊಟ್ಟಣ ಒಡೆದ ಕೂಡಲೇ ನಾನು ಇದನ್ನು ನೋಡಿದ್ದರೆ ಬಿತ್ತುತ್ತಲೇ ಇರಲಿಲ್ಲ. ನೀವಾದರೂ ನೋಡಿ.

ಬೀಟಿನ ಮನೆತನ

ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ‘ಬೀಟಾ ವಲ್ಗಾರಿಸ್’ ಎಂದು ಹೆಸರಿಟ್ಟರು. 1762ರಲ್ಲಿ ಕಡಲ ದಂಡೆಯ ಕಾಡು ಬೀಟನ್ನು ‘ಬೀಟಾ ಮಾರಿಟಿಮಾ’ ಎಂದು ಬೇರೆ ಮಾಡಿದರು. ಈಗ ಅದು ಬೇರೆ ಪ್ರಭೇದ ಅಲ್ಲ, ಒಂದೇ ಪ್ರಭೇದದ ಉಪಪ್ರಭೇದ ಅನ್ನುವುದೇ ಹೆಚ್ಚಿನವರ ಅಭಿಪ್ರಾಯ. ಕಾರಣ ಸುಲಭ: ಎರಡೂ ಸರಾಗವಾಗಿ ಕೂಡುತ್ತವೆ, ಮಕ್ಕಳೂ ಬೀಜ ಕಟ್ಟುತ್ತವೆ.

ಈ ಕಡಲ ಬೀಟು ಮೆಡಿಟರೇನಿಯನ್ ಸಮುದ್ರದ ಸುತ್ತ, ಯೂರೋಪಿನ ಅಟ್ಲಾಂಟಿಕ್ ದಂಡೆಯಲ್ಲಿ, ಉಪ್ಪುಗಾಳಿಗೆ ಮೈಯೊಡ್ಡಿ ಕಲ್ಲು ಮರಳಿನ ನಡುವೆ ಬೆಳೆಯುವ ಕಳೆ. ಗೆಡ್ಡೆಯಿಲ್ಲ, ದಪ್ಪ ಎಲೆ ಮಾತ್ರ. ನಾವು ತಿನ್ನುವ ಎಲ್ಲ ಬೀಟಿನ ಅಜ್ಜಿ ಇದೇ. ಅಲ್ಲಿನ ಜನ ಮೊದಲು ಬಳಸಿದ್ದು ಎಲೆಯನ್ನು. ದಪ್ಪ ಗೆಡ್ಡೆ ರೂಢಿಗೆ ಬಂದದ್ದು ಬಹಳ ತಡವಾಗಿ. ದನದ ಮೇವಿಗೆ ಅಂತ ದೊಡ್ಡ ಗೆಡ್ಡೆಯದ್ದನ್ನೂ ಬೆಳೆಸಿದರು. ಬರ್ಲಿನ್ನಿನ ಮಾರ್ಗ್ರಾಫ್ 1747ರಲ್ಲಿ ಬೀಟಿನಲ್ಲಿರುವುದೂ ಕಬ್ಬಿನದ್ದೇ ಸಕ್ಕರೆ ಎಂದು ತೋರಿಸಿದರು. ಅವರ ಶಿಷ್ಯ ಆಖಾರ್ಡ್ ಬಿಳಿ ಬೀಟನ್ನು ಆರಿಸಿ ಬೆಳೆಸಿ 1801–02ರ ಹೊತ್ತಿಗೆ ಸೈಲೀಶಿಯಾದಲ್ಲಿ ಸಕ್ಕರೆ ಕಾರ್ಖಾನೆ ಶುರು ಮಾಡಿದರು. ಹೀಗೆ ಎಲೆ ಬೀಟು, ತರಕಾರಿ ಬೀಟು, ಮೇವಿನ ಬೀಟು, ಸಕ್ಕರೆ ಬೀಟು ನಾಲ್ಕೂ ಒಂದೇ ಒಲೆಯ ಅಡುಗೆ.

ಈ ಮನೆತನಕ್ಕೆ ದೂರದ ನೆಂಟರೂ ಇದ್ದಾರೆ. ಹಿಂದೆ ಬೀಟನ್ನು ‘ಚಿನೋಪೋಡಿಯೇಸಿ’ ಎಂಬ ಕುಟುಂಬದಲ್ಲಿ ಇಡುತ್ತಿದ್ದರು. 1998ರಿಂದೀಚೆಗೆ ವಂಶವಾಹಿ ನೋಡಿ ವಿಂಗಡಿಸುವ ವಿಜ್ಞಾನಿಗಳು ಅದನ್ನು ‘ಅಮರಾಂಥೇಸಿ’ಯೊಳಗೆ ಸೇರಿಸಿದ್ದಾರೆ. ಅಂದರೆ ನಮ್ಮ ದಂಟಿನ ಸೊಪ್ಪಿನ ಕುಟುಂಬ. ಬೀಟ್‌ರೂಟಿನ ಕೆಂಪು, ಕೆಂಪು ದಂಟಿನ ಕೆಂಪು ಒಂದೇ ಗುಂಪಿನ ಬಣ್ಣ, ‘ಬೀಟಲೈನ್’ ಅಂತ. ಬಸಳೆ ಹಣ್ಣಿನದ್ದು, ಡ್ರ್ಯಾಗನ್ ಹಣ್ಣಿನದ್ದು, ಕಾಗದದ ಹೂವಿನದ್ದೂ ಅದೇ. ದಾಸವಾಳ, ನೇರಳೆಯ ಬಣ್ಣ ಬೇರೆ ಗುಂಪು.

“ಲ್ಯಾಟಿನ್ ಕಟ್ಕೊಂಡು ಏನ್ ಮಾಡ್ಲಿ?”

ಇದನ್ನೆಲ್ಲ ನಮ್ಮೂರಿನ ಹಿರಿಯ ರೈತರೊಬ್ಬರ ಹತ್ತಿರ ಹೇಳಿದೆ. “ಆ ಲ್ಯಾಟಿನ್ ಕಟ್ಕೊಂಡು ನಾನೇನ್ ಮಾಡ್ಲಿ? ಸಂತೇಲಿ ಬೆಲೆ ಜಾಸ್ತಿ ಕೊಡ್ತಾರಾ?” ಅಂದರು. ಪ್ರಶ್ನೆ ನ್ಯಾಯವಾದದ್ದೇ. ನನಗೆ ಸಿಕ್ಕ ಉತ್ತರ ಇಲ್ಲಿದೆ.

ಒಂದನೆಯದು, ಯಾವುದು ಯಾವುದರ ಜೊತೆ ಬೆರೆಯುತ್ತದೆ ಅಂತ ಆ ಹೆಸರು ಹೇಳುತ್ತದೆ. ಪಾಲಕ್ ಮತ್ತು ಸ್ಪಿನಾಚ್ ಅಕ್ಕಪಕ್ಕ ಹೂ ಬಿಟ್ಟರೂ ಬೆರೆಯುವುದಿಲ್ಲ. ಪಾಲಕ್ ಮತ್ತು ಬೀಟ್‌ರೂಟ್ ಒಟ್ಟಿಗೆ ಹೂ ಬಿಟ್ಟರೆ ಬೆರೆಯುತ್ತವೆ. ಬೀಟಿನ ಪರಾಗ ಗಾಳಿಯಲ್ಲಿ ಹಾರುವ ಧೂಳು, ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ. ಈ ನೆಂಟಸ್ತಿಕೆಯನ್ನು ವಿಜ್ಞಾನಿಗಳು ಆಗಲೇ ಬಳಸಿಕೊಂಡಿದ್ದಾರೆ. ‘ಪೂಸಾ ಪಾಲಕ್’ ಎಂಬ ತಳಿ ಸ್ವಿಸ್ ಚಾರ್ಡ್ ಎಂಬ ವಿದೇಶಿ ಎಲೆ ಬೀಟು ಮತ್ತು ನಾಟಿ ಪಾಲಕ್ ಸೇರಿಸಿ ಮಾಡಿದ್ದು. ‘ಪೂಸಾ ಹರಿತ್’ ಸಕ್ಕರೆ ಬೀಟು ಮತ್ತು ನಾಟಿ ಪಾಲಕ್ಕಿನ ಮಗು.

ಎರಡನೆಯದು, ಯಾವುದರ ಬೀಜ ನಮ್ಮ ಹೊಲದಲ್ಲಿ ಮಾಡಿಕೊಳ್ಳಬಹುದು ಅಂತ ತಿಳಿಯುತ್ತದೆ. ಇಲ್ಲಿ ಮಾತ್ರ ಪ್ರಭೇದದ ಹೆಸರು ಒಂದೇ ಸಾಲದು, ಅದರೊಳಗಿನ ಗುಂಪೂ ಗೊತ್ತಿರಬೇಕು. ಇದನ್ನು ಕಲಿಯಲು ನಾನು ಇನ್ನೊಂದು ಪೆಟ್ಟು ತಿಂದಿದ್ದೆ. ಒಂದು ವರ್ಷ ಚೆಂದದ ಇಪ್ಪತ್ತು ಬೀಟ್‌ರೂಟನ್ನು ಬೀಜಕ್ಕೆಂದು ಕೀಳದೆ ಬಿಟ್ಟಿದ್ದೆ. ಗೆಡ್ಡೆ ಬಲಿತು ಕಟ್ಟಿಗೆಯಾಯಿತು, ಬಿರಿಯಿತು, ಮುಂಗಾರಿಗೆ ಕೊಳೆಯಿತು. ಒಂದೂ ಹೂ ಬಿಡಲಿಲ್ಲ. ಅದು ಎರಡು ವರ್ಷದ ಗಿಡ. ಮೊದಲ ವರ್ಷ ಗೆಡ್ಡೆ ಕಟ್ಟಿ, ನಡುವೆ ವಾರಗಟ್ಟಲೆ ಗಡಗಡ ಚಳಿ, ಸುಮಾರು ಹತ್ತು ಡಿಗ್ರಿಗಿಂತ ಕೆಳಗಿನದ್ದು, ಸಿಕ್ಕಿದ ಮೇಲೆ ಮಾತ್ರ ಹೂ ಬಿಡುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಅದರ ಬೀಜ ಕಾಶ್ಮೀರ, ಕುಲು ಕಣಿವೆಯಂಥ ಕಡೆ ಮಾಡುತ್ತಾರೆ. ಪಾಲಕ್ಕಿಗೆ ಆ ಚಳಿಯ ಹಂಗಿಲ್ಲ. ನಮ್ಮ ಬಯಲು ಸೀಮೆಯಲ್ಲೇ ಹೂ ಬಿಟ್ಟು ಬೀಜ ಕೊಡುತ್ತದೆ. ನಮ್ಮಮ್ಮ ಲ್ಯಾಟಿನ್ ಗೊತ್ತಿಲ್ಲದೆಯೇ ಅದನ್ನು ಮಾಡುತ್ತಿದ್ದರು, ನಿಜ. ಆದರೆ ಬೀಟ್‌ರೂಟ್ ಪಕ್ಕದ ಹೊಲದಲ್ಲಿದ್ದರೂ ಅಮ್ಮನ ಬೀಜ ಯಾಕೆ ಕೆಡಲಿಲ್ಲ ಅಂತ ಈಗ ನನಗೆ ಗೊತ್ತು. ಇಲ್ಲಿ ಬೀಟ್‌ರೂಟ್ ಹೂವೇ ಬಿಡುವುದಿಲ್ಲ. ಪಕ್ಕದವರ ಪಾಲಕ್ ಬೇರೆ ತಳಿಯಾಗಿದ್ದು, ಅದೂ ಹೂವಿನಲ್ಲಿದ್ದರೆ ಮಾತ್ರ ನಮಗೆ ಭಯ. ಅವರ ಜೊತೆ ಮಾತಾಡಿಕೊಂಡು ಒಬ್ಬರು ಹಿಂದೆ ಒಬ್ಬರು ಮುಂದೆ ಬೀಜಕ್ಕೆ ಬಿಟ್ಟರೆ ಆಯಿತು.

ಕಳೆ ಅಂದದ್ದೇ ಕಾಪಾಡಿತು

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಬೆಳೆಗೆ ಕಷ್ಟ ಬಂದಾಗ ಯಾರ ಮನೆಗೆ ಹೋಗಬೇಕು ಅಂತ ಈ ವಿಂಗಡಣೆ ಹೇಳುತ್ತದೆ.

ಸಕ್ಕರೆ ಬೀಟೆಲ್ಲ ಆಖಾರ್ಡರ ಆ ಬಿಳಿ ಬೀಟಿನ ಸಂತಾನ. ಎರಡು ನೂರು ವರ್ಷ ಸಕ್ಕರೆ ಹೆಚ್ಚಬೇಕು ಅಂತ ಅದರಲ್ಲೇ ಆರಿಸುತ್ತ ಹೋದರು. ಸಕ್ಕರೆ ಹೆಚ್ಚಿತು, ರೋಗ ತಡೆಯುವ ಗುಣ ಬಡವಾಯಿತು. 1950ರ ದಶಕದಲ್ಲಿ ಇಟಲಿಯಲ್ಲಿ ಒಂದು ಹೊಸ ರೋಗ ಕಂಡಿತು. ಗೆಡ್ಡೆ ಸಣ್ಣದಾಗಿ ಸುತ್ತ ಗಡ್ಡ ಬಿಟ್ಟ ಹಾಗೆ ಬೇರು. ‘ರೈಜೋಮೇನಿಯಾ’ ಅಂದರು, ಬೇರಿನ ಹುಚ್ಚು ಅಂತ ಅರ್ಥ. ಕಾರಣ ಒಂದು ವೈರಸ್. ಅದನ್ನು ಹರಡುವುದು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕುವ ಒಂದು ಸೂಕ್ಷ್ಮಜೀವಿ. ಒಮ್ಮೆ ಮಣ್ಣಿಗೆ ಬಂದರೆ ಹೋಗುವುದಿಲ್ಲ, ಸಿಂಪಡಿಸಿ ಕೊಲ್ಲುವ ಹಾಗೂ ಇಲ್ಲ. ಬೀಟು ಬೆಳೆಯುವ ದೇಶಗಳಿಗೆಲ್ಲ ಹಬ್ಬಿತು. ತಡೆಯುವ ಗುಣಗಳಲ್ಲಿ ಒಂದು ಸಿಕ್ಕಿದ್ದು ಡೆನ್ಮಾರ್ಕಿನ ಕಡಲ ದಂಡೆಯಿಂದ ತಂದಿಟ್ಟಿದ್ದ ಕಾಡು ಬೀಟಿನಲ್ಲಿ. ಅದಕ್ಕೂ ಹಿಂದೆ ಎಲೆಚುಕ್ಕೆ ರೋಗಕ್ಕೆ ಇಟಲಿಯ ಮುನೆರಾತಿ ಎಂಬ ವಿಜ್ಞಾನಿ ಪೋ ನದಿ ಸಮುದ್ರ ಸೇರುವಲ್ಲಿನ ಕಡಲ ಬೀಟನ್ನೇ ಸಕ್ಕರೆ ಬೀಟಿಗೆ ಸೇರಿಸಿದ್ದರು. ಒಂದೇ ಪ್ರಭೇದವಾದ್ದರಿಂದ ಸಂಬಂಧ ಕೂಡಿಸಲು ಕಷ್ಟವಾಗಲಿಲ್ಲ.

ದೂರದ ನೆಂಟರ ಕತೆ ಬೇರೆ. ಬೇರಿನ ಜಂತುಹುಳಕ್ಕೆ ಅಂದರೆ ನೆಮಟೋಡಿಗೆ ಪೂರ್ತಿ ಜಗ್ಗದ ಗುಣ ಇದ್ದದ್ದು ಕ್ಯಾನರಿ ದ್ವೀಪಗಳ ಕಡೆಯ ಒಂದು ಹರಡುವ ಕಾಡುಗಿಡದಲ್ಲಿ. ಅದನ್ನೂ ಆಗ ‘ಬೀಟಾ’ ಅಂತಲೇ ಕರೆಯುತ್ತಿದ್ದರು. ಸಕ್ಕರೆ ಬೀಟಿನ ಜೊತೆ ಕೂಡಿಸಿದರೆ ಸಸಿಗಳು ಬೇರು ಬಿಡಲಾಗದೆ ಸಾಯುತ್ತಿದ್ದವು. ಅಮೆರಿಕದಲ್ಲಿ ಹೆಲೆನ್ ಸವಿಟ್‌ಸ್ಕಿ ಎಂಬ ವಿಜ್ಞಾನಿ ಆ ಎಳೆ ಸಸಿಗಳನ್ನು ಸಕ್ಕರೆ ಬೀಟಿನ ಮೇಲೆ ಕಸಿ ಕಟ್ಟಿ ಬದುಕಿಸಿ, ವರ್ಷಗಳ ಶ್ರಮದಿಂದ ಆ ಗುಣವನ್ನು ಬೆಳೆಗೆ ತಂದರು. 1977ರಲ್ಲಿ ಸಸ್ಯಶಾಸ್ತ್ರಜ್ಞರು ಆ ಗುಂಪನ್ನು ಬೀಟಾದಿಂದ ಹೊರಗಿಟ್ಟು ‘ಪಟೆಲ್ಲಿಫೋಲಿಯಾ’ ಎಂಬ ಬೇರೆ ಕುಲವನ್ನೇ ಮಾಡಿದರು. ನೋಡಿ, ಹೊಲದಲ್ಲಿ ಕೂಡಲು ಒಪ್ಪದ್ದನ್ನು ಹೆಸರೂ ಬೇರೆ ಅಂತ ಹೇಳಿತು. ಹೆಸರಿಡುವುದು ಪಂಡಿತರ ಆಟ ಅಲ್ಲ ಅನ್ನುವುದಕ್ಕೆ ನನಗೆ ಇಷ್ಟು ಸಾಕಾಯಿತು.

ಇದೇ ನೆಂಟಸ್ತಿಕೆ ತೊಂದರೆಯನ್ನೂ ತಂದಿದೆ, ಅದನ್ನು ಮುಚ್ಚಿಡಬಾರದು. ದಕ್ಷಿಣ ಫ್ರಾನ್ಸ್, ಉತ್ತರ ಇಟಲಿಯಲ್ಲಿ ಸಕ್ಕರೆ ಬೀಟಿನ ಬೀಜ ಮಾಡುವಾಗ ಸುತ್ತಮುತ್ತಲ ಕಾಡು ಬೀಟಿನ ಪರಾಗ ಬಂದು ಸೇರಿತು. ಕಾಡು ಬೀಟಿನಲ್ಲಿ ಅದೇ ವರ್ಷ ಹೂ ಬಿಡಿಸುವ ಗುಣ ಇರುತ್ತದೆ, ಮತ್ತು ಅದೇ ಮೇಲುಗೈಯಾಗುತ್ತದೆ. ಆ ಬೀಜ ಕೊಂಡ ಉತ್ತರದ ರೈತರ ಹೊಲದಲ್ಲಿ ಗೆಡ್ಡೆ ಕಟ್ಟದೆ ಹೂವಿಗೆ ಹೋದ ಗಿಡಗಳು ಎದ್ದವು. ಕೀಳದೆ ಬಿಟ್ಟವರ ಹೊಲದಲ್ಲಿ ಬೀಜ ಉದುರಿ ಕಳೆಯಾಗಿ ನಿಂತವು. ಬೆಳೆಯೂ ಕಳೆಯೂ ಒಂದೇ ಪ್ರಭೇದವಾದರೆ ಕಳೆನಾಶಕಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಬೀಜ ಎಲ್ಲಿ, ಯಾವುದರ ಪಕ್ಕ ಆಯಿತು ಅನ್ನುವುದು ಕೊಳ್ಳುವ ರೈತನಿಗೆ ತಿಳಿಯಬೇಕಾದ ವಿಷಯ ಅಂತ ನಾನು ಹೇಳುವುದು ಇದಕ್ಕೇ.

ನಮ್ಮ ದೇಶದ ಉದಾಹರಣೆಯೂ ಇದೆ. 1970ರ ದಶಕದಲ್ಲಿ ಏಷ್ಯಾದ ಭತ್ತಕ್ಕೆ ಹುಲ್ಲುಕುಬ್ಜ ವೈರಸ್ ಬಂದಾಗ ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ‘ಒರೈಜಾ ನಿವಾರಾ’ ಎಂಬ ಕಾಡು ಭತ್ತದಲ್ಲಿ. ಗದ್ದೆಯ ಬದುವಿನಲ್ಲಿ ಕಂಡರೆ ನಾವು ಕಿತ್ತೆಸೆಯುವಂಥ ಹುಲ್ಲು ಅದು. ಕಾಡು ಬೀಟಿನಲ್ಲೂ ಎಲ್ಲ ಸುಖವಾಗಿಲ್ಲ. ‘ಬೀಟಾ ಪಟುಲಾ’ ಎಂಬ ಹತ್ತಿರದ ನೆಂಟ ಮದೀರಾ ದ್ವೀಪಗಳ ಬಂಡೆ ನಡುಗಡ್ಡೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿಲ್ಲ. ಅಲ್ಲಿ ಹೋದರೆ ಹೋಯಿತು, ನಮ್ಮಮ್ಮನ ಡಬ್ಬಿಯ ಹಾಗೆ.

ಏನಾಗಬೇಕು?

1966ರ ಬೀಜ ಕಾಯ್ದೆ ಬೀಜದ ‘ಬಗೆ’ಯನ್ನು ವಿವರಿಸುವಾಗ ಎಲೆಕೋಸು, ಮೆಕ್ಕೆಜೋಳ, ಭತ್ತ, ಗೋಧಿ ಇದ್ದ ಹಾಗೆ ಒಂದು ರೂಢಿಯ ಹೆಸರಿನಿಂದ ಕರೆಯುವ, ಒಂದೋ ಹೆಚ್ಚೋ ಸಂಬಂಧಪಟ್ಟ ಪ್ರಭೇದಗಳು ಎಂದಿತು. ಭತ್ತ, ಗೋಧಿಗೆ ಅದು ಸರಿಯೇ. ಸೊಪ್ಪಿಗೆ ಮಾತ್ರ ರೂಢಿಯ ಹೆಸರನ್ನು ನಂಬಲಾಗದು. ಬಸಳೆಗೂ ಇಂಗ್ಲಿಷಿನಲ್ಲಿ ‘ಮಲಬಾರ್ ಸ್ಪಿನಾಚ್’ ಅನ್ನುತ್ತಾರೆ! ಆದ್ದರಿಂದ ಪೊಟ್ಟಣದ ಮೇಲೆ ಮೂರು ಸಂಗತಿ ಕನ್ನಡ ಅಕ್ಷರದಲ್ಲಿ ಇರಬೇಕು ಅನ್ನುವುದು ನನ್ನ ವಾದ – ಪ್ರಭೇದದ ಪೂರ್ತಿ ಹೆಸರು, ತಳಿಯ ಹೆಸರು, ಬೀಜ ಮಾಡಿದ ಪ್ರದೇಶ. ಒಂದು ಸಾಲಿನ ಮುದ್ರಣ. ಅದಕ್ಕೆ ಖರ್ಚೆಷ್ಟು?

ನಮ್ಮ ಕಡೆಯಿಂದ ಆಗಬೇಕಾದ್ದೂ ಇದೆ. ಕೊಳ್ಳುವಾಗ ಹೆಸರು ಕೇಳೋಣ. ಹತ್ತು ಜನ ಕೇಳಿದರೆ ಅಂಗಡಿಯವರು ಕಂಪನಿಯನ್ನು ಕೇಳುತ್ತಾರೆ. ಹೊಸ ಪೊಟ್ಟಣ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಸಲ ಒಂದು ಪಾತಿಗೆ ಮಾತ್ರ ಹಾಕೋಣ. ಮನೆ ಬೀಜ ಇದ್ದರೆ ಏನೇ ಆದರೂ ಬಿತ್ತದೆ ಬಿಡಬಾರದು. ಬೀಟಿನ ಜಾತಿ ಹೆಚ್ಚಾಗಿ ಬೇರೆ ಗಿಡದ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಬೀಜಕ್ಕೆ ನಾಲ್ಕೈದು ಗಿಡ ಸಾಲದು, ಮೂವತ್ತು-ನಲವತ್ತಾದರೂ ಬಿಡಿ ಅಂತ ಅಕ್ಕನ ಮಗಳ ಸಲಹೆ. ಮತ್ತೆ, ಇದ್ದ ಬೀಜವನ್ನೆಲ್ಲ ಒಂದೇ ಮನೆಯಲ್ಲಿ ಇಡಬೇಡಿ.

ಈ ಕಡೆಯ ಮಾತು ಅನುಭವದ್ದು. ನಮ್ಮ ಅಕ್ಕ ಮೂರು ವರ್ಷದ ಹಿಂದೆ ಹಬ್ಬಕ್ಕೆ ಬಂದಾಗ ಅಮ್ಮನ ಹತ್ತಿರ ಒಂದು ಹಿಡಿ ಪಾಲಕ್ ಬೀಜ ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳಂತೆ. ಅವಳ ಹಿತ್ತಿಲಲ್ಲಿ ಅದು ಇನ್ನೂ ಇತ್ತು. ಹೋದ ವರ್ಷ ಅಲ್ಲಿಂದ ಒಂದು ಲೋಟ ಬೀಜ ತಂದೆ. ಹಿಂದಿನ ರಾತ್ರಿ ನೆನೆಹಾಕಿ ಬಿತ್ತಿದೆ, ಒಂದೊಂದು ಕಾಳಿಗೆ ಎರಡೆರಡು ಮೊಳಕೆ ಬಂತು. ನಾಲ್ಕು ಸಲ ಕೊಯ್ದು, ಎರಡು ಸಾಲು ಬೀಜಕ್ಕೆ ಬಿಟ್ಟಿದ್ದೆ. ಈಗ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದೇನೆ: ‘ಪಾಲಕ್ – ಬೀಟಾ ವಲ್ಗಾರಿಸ್ – ಅಮ್ಮನದು’. ಜೊತೆಗೆ ತಿಂಗಳು, ವರ್ಷ.

ನಿಮ್ಮಲ್ಲೂ ಹೆಸರು ನಂಬಿ ಮೋಸ ಹೋದದ್ದಿದ್ದರೆ, ಮನೆಯಲ್ಲಿ ವರ್ಷಗಳಿಂದ ಉಳಿಸಿಕೊಂಡು ಬಂದ ಸೊಪ್ಪಿನ ಬೀಜ ಇದ್ದರೆ ಪತ್ರಿಕೆಗೆ ಬರೆಯಿರಿ. ನನ್ನ ಮಾತಿನಲ್ಲಿ ತಪ್ಪು ಕಂಡರೆ ಅದನ್ನೂ ಬರೆಯಿರಿ.